ಹೊಸಬರಿಗೆ ಸರ್ಕ್ಯೂಟ್ ವಿಶ್ಲೇಷಣೆ ಕಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ಗೆ ಆಗತಾನೇ ಸೇರಿದ ವಿದ್ಯಾರ್ಥಿಗಳಿಗೆ ಸರ್ಕ್ಯೂಟ್ ವಿಶ್ಲೇಷಣೆಯ ವಿಧಾನಗಳನ್ನು ಬೋಧಿಸುವವರು ಸಾಮಾನ್ಯವಾಗಿ ಎತ್ತುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಈ ಉತ್ತರಗಳ ಹಿಂದೆ ಒಂದು ನಿಲುವಿದೆ. ವಿದ್ಯಾರ್ಥಿಗಳು ಎಡವುವುದು ಬೀಜಗಣಿತದಲ್ಲಿ ಎಂದು ನಾವು ಭಾವಿಸುತ್ತೇವಾದರೂ, ಬಹುಪಾಲು ತಪ್ಪುಗಳು ಚಿತ್ರವನ್ನು ಓದುವಾಗ ಮತ್ತು ಪ್ಲಸ್-ಮೈನಸ್ ಗುರುತು ಹಾಕುವಾಗಲೇ ಆಗಿಹೋಗಿರುತ್ತವೆ. ಆದ್ದರಿಂದ ವಾರಕ್ಕೊಂದು ಹೊಸ ವಿಧಾನವನ್ನು ಕಲಿಸುವುದಕ್ಕಿಂತ ಒಂದೇ ಸರ್ಕ್ಯೂಟಿನ ಮುಂದೆ ಹೆಚ್ಚು ಹೊತ್ತು ನಿಲ್ಲುವುದು ಮೇಲು.

ಮೊದಲ ತರಗತಿಯನ್ನು ಎಲ್ಲಿಂದ ಆರಂಭಿಸಬೇಕು? ಓಮ್ ನಿಯಮದಿಂದಲೇ?

ಬಹಳ ಮಂದಿ ಹಾಗೆಯೇ ಆರಂಭಿಸುತ್ತಾರೆ. ಚರಿತ್ರೆಯ ಕ್ರಮವೂ ಅದೇ: ಓಮ್ ತನ್ನ ನಿಯಮವನ್ನು ಪ್ರಕಟಿಸಿದ್ದು 1827ರಲ್ಲಿ, ಕಿರ್ಚಾಫ್ ತನ್ನ ಎರಡು ನಿಯಮಗಳನ್ನು ಮಂಡಿಸಿದ್ದು 1845ರಲ್ಲಿ, ತಾನಿನ್ನೂ ವಿದ್ಯಾರ್ಥಿಯಾಗಿದ್ದಾಗ. ಆದರೂ ಬೋಧನೆಯಲ್ಲಿ ಈ ಕ್ರಮವನ್ನು ತಿರುಗಿಸುವುದು ಒಳ್ಳೆಯದು. ಓಮ್ ನಿಯಮವು ರೋಧಕ ಎಂಬ ಒಂದು ಬಗೆಯ ಭಾಗಕ್ಕೆ ಮಾತ್ರ ಅನ್ವಯಿಸುತ್ತದೆ. ಕಿರ್ಚಾಫನ ನಿಯಮಗಳಾದರೋ (ಒಂದು ಬಿಂದುವಿನಿಂದ ಹೊರಡುವ ಕರೆಂಟುಗಳ ಮೊತ್ತ ಸೊನ್ನೆ, ಒಂದು ಲೂಪಿನ ಸುತ್ತಲಿನ ವೋಲ್ಟೇಜುಗಳ ಮೊತ್ತ ಸೊನ್ನೆ) ಭಾಗಗಳು ಯಾವುವೇ ಇರಲಿ, ಅವುಗಳನ್ನು ಜೋಡಿಸಿರುವ ರೀತಿಗೆ ಸಂಬಂಧಿಸಿದವು. ಡಯೋಡ್ ಇದ್ದರೂ, ಕೆಪಾಸಿಟರ್ ಇದ್ದರೂ ಅವು ನಿಲ್ಲುತ್ತವೆ. ಓಮ್ ನಿಯಮವನ್ನೇ ಮೊದಲು ಕಲಿತ ವಿದ್ಯಾರ್ಥಿಯು ಎಲ್ಲೆಡೆ ಅದನ್ನೇ ಹುಡುಕುತ್ತಾನೆ. ವೋಲ್ಟೇಜ್ ಸೋರ್ಸಿನ ಕರೆಂಟ್ ಕೇಳಿದರೆ ಅದರ ವೋಲ್ಟೇಜನ್ನು ಪಕ್ಕದಲ್ಲಿ ಕಂಡ ಯಾವುದೋ ರೋಧದಿಂದ ಭಾಗಿಸಿಬಿಡುತ್ತಾನೆ.

ಆದ್ದರಿಂದ ಮೊದಲ ಗಂಟೆಯಲ್ಲಿ ಎರಡು ಮಾತುಗಳನ್ನು ಗಟ್ಟಿ ಮಾಡಿದರೆ ಸಾಕು. ಕರೆಂಟ್ ಎಂಬುದು ಒಂದು ಭಾಗದ ಮೂಲಕ ಹರಿಯುವಂಥದ್ದು. ವೋಲ್ಟೇಜ್ ಎಂಬುದು ಎರಡು ಬಿಂದುಗಳ ನಡುವೆ ಇರುವಂಥದ್ದು. "ಈ ಬಿಂದುವಿನ ವೋಲ್ಟೇಜ್ ಎಷ್ಟು?" ಎಂದು ಯಾರಾದರೂ ಕೇಳಿದಾಗಲೆಲ್ಲ "ಯಾವುದಕ್ಕೆ ಹೋಲಿಸಿ?" ಎಂಬ ಮರುಪ್ರಶ್ನೆ ತರಗತಿಯಿಂದಲೇ ಬರುವವರೆಗೆ ಇದನ್ನು ಬಿಡಬಾರದು.

ವಿದ್ಯಾರ್ಥಿಗಳು ಯಾವ ತಪ್ಪು ಕಲ್ಪನೆಗಳನ್ನು ಹೊತ್ತು ಬರುತ್ತಾರೆ?

ಮೂರು ಕಲ್ಪನೆಗಳು ಎಲ್ಲ ತರಗತಿಗಳಲ್ಲೂ ಕಾಣಿಸುತ್ತವೆ. ಒಂದನೆಯದು, ಕರೆಂಟ್ ದಾರಿಯಲ್ಲಿ ಖರ್ಚಾಗುತ್ತಾ ಹೋಗುತ್ತದೆ ಎಂಬುದು. ಒಂದೇ ರೀತಿಯ ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದರೆ ಬ್ಯಾಟರಿಯ ಪ್ಲಸ್ ಕಡೆಗಿರುವ ಬಲ್ಬು ಹೆಚ್ಚು ಬೆಳಗುತ್ತದೆ ಎಂದು ಹೇಳುವವರು ಇದ್ದೇ ಇರುತ್ತಾರೆ. ಖರ್ಚಾಗುವುದು ಶಕ್ತಿ, ಸರಣಿಯಲ್ಲಿ ಕರೆಂಟ್ ಎಲ್ಲೆಡೆಯೂ ಅಷ್ಟೇ ಇರುತ್ತದೆ.

ಎರಡನೆಯದು, ಬ್ಯಾಟರಿಯು ಸದಾ ಒಂದೇ ಪ್ರಮಾಣದ ಕರೆಂಟನ್ನು ಕೊಡುತ್ತದೆ ಎಂಬುದು. ಉರಿಯುತ್ತಿರುವ ಬಲ್ಬಿಗೆ ಸಮಾಂತರವಾಗಿ ಅಂಥದೇ ಇನ್ನೊಂದನ್ನು ಸೇರಿಸಿದರೆ ಕರೆಂಟ್ ಇಬ್ಭಾಗವಾಗಿ ಮೊದಲನೆಯದು ಮಂದವಾಗುತ್ತದೆ ಎಂಬ ಉತ್ತರ ಇಲ್ಲಿಂದ ಹುಟ್ಟುತ್ತದೆ. ಆದರ್ಶ ವೋಲ್ಟೇಜ್ ಸೋರ್ಸಾದರೆ ಮೊದಲ ಬಲ್ಬಿಗೆ ಏನೂ ಆಗುವುದಿಲ್ಲ. ಬ್ಯಾಟರಿಯ ಕರೆಂಟ್ ಇಮ್ಮಡಿಯಾಗುತ್ತದೆ.

ಮೂರನೆಯದು ಹೆಚ್ಚು ಸೂಕ್ಷ್ಮ, ಮತ್ತು ಚೆನ್ನಾಗಿ ಅಂಕ ತೆಗೆಯುವವರಲ್ಲೂ ಉಳಿದುಕೊಂಡಿರುತ್ತದೆ. ಕರೆಂಟ್ ಬ್ಯಾಟರಿಯಿಂದ ಹೊರಟು ಒಂದೊಂದೇ ಭಾಗವನ್ನು ದಾಟುತ್ತಾ, ಮುಂದೇನಿದೆ ಎಂದು ತಿಳಿಯದೆ ಸಾಗುತ್ತದೆ ಎಂಬ ಕಲ್ಪನೆ ಅದು. ಇದನ್ನು ನಂಬಿದವರಿಗೆ ಸರ್ಕ್ಯೂಟಿನ ಕೊನೆಯಲ್ಲಿರುವ ರೋಧಕವನ್ನು ಬದಲಾಯಿಸಿದರೆ ಮೊದಲಿನ ರೋಧಕದ ಕರೆಂಟ್ ಏಕೆ ಬದಲಾಗಬೇಕು ಎಂಬುದು ಅರ್ಥವಾಗುವುದಿಲ್ಲ. ಸಮೀಕರಣಗಳನ್ನು ಒಟ್ಟಿಗೆ ಬಿಡಿಸಬೇಕಾದ ಅಗತ್ಯವೇ ಅವರಿಗೆ ವಿಚಿತ್ರವಾಗಿ ತೋರುತ್ತದೆ.

ಇವುಗಳನ್ನು ಉಪನ್ಯಾಸದಿಂದ ತೊಲಗಿಸಲಾಗದು. ಮೊದಲು ಊಹೆಯನ್ನು ಕಾಗದದ ಮೇಲೆ ಬರೆಸಿ, ಬಳಿಕ ಮೀಟರಿನಿಂದ ಅಳೆಯಿಸಬೇಕು. ಬರೆಯದೇ ಇದ್ದ ಊಹೆಯನ್ನು ಫಲಿತಾಂಶ ಕಂಡ ಮೇಲೆ ವಿದ್ಯಾರ್ಥಿ ಸದ್ದಿಲ್ಲದೆ ತಿದ್ದಿಕೊಂಡುಬಿಡುತ್ತಾನೆ.

ಸರಣಿ ಯಾವುದು, ಸಮಾಂತರ ಯಾವುದು ಎಂದು ಗುರುತಿಸುವುದರಲ್ಲೇ ಸೋಲುತ್ತಾರೆ. ಏನು ಮಾಡಬೇಕು?

ಚಿತ್ರದಲ್ಲಿ ಒಂದರ ಪಕ್ಕ ಒಂದು ಬಿಡಿಸಿದ್ದರೆ ಸಮಾಂತರ, ಒಂದರ ಹಿಂದೆ ಒಂದು ಬಿಡಿಸಿದ್ದರೆ ಸರಣಿ ಎಂದು ಅವರು ಕಣ್ಣಳತೆಯಿಂದ ತೀರ್ಮಾನಿಸುತ್ತಾರೆ. ಇದಕ್ಕೆ ಬಣ್ಣದ ಪೆನ್ಸಿಲಿಗಿಂತ ಒಳ್ಳೆಯ ಮದ್ದಿಲ್ಲ. ಒಂದು ತಂತಿಯ ಮೇಲೆ ಪೆನ್ಸಿಲಿಟ್ಟು, ಯಾವುದೇ ಭಾಗವನ್ನು ದಾಟದೆ ಎಲ್ಲೆಲ್ಲಿಗೆ ಹೋಗಬಹುದೋ ಅಲ್ಲಿಗೆಲ್ಲ ಒಂದೇ ಬಣ್ಣ ಬಳಿಯಬೇಕು. ಆ ಬಣ್ಣವೇ ಒಂದು ನೋಡ್. ಎಲ್ಲ ತಂತಿಗಳಿಗೂ ಬಣ್ಣ ಬಂದ ಮೇಲೆ, ಎರಡು ತುದಿಗಳಲ್ಲೂ ಒಂದೇ ಜೋಡಿ ಬಣ್ಣಗಳಿರುವ ಭಾಗಗಳು ಸಮಾಂತರದಲ್ಲಿವೆ. ಎರಡೇ ಎರಡು ಭಾಗಗಳ ತುದಿಗಳು ಮಾತ್ರ ಸೇರುವ ನೋಡ್ ಇದ್ದರೆ ಆ ಎರಡು ಭಾಗಗಳು ಸರಣಿಯಲ್ಲಿವೆ.

ಅಭ್ಯಾಸಕ್ಕೆ ಎರಡು ಚಿತ್ರಗಳನ್ನು ಕೊಡಬಹುದು. ಮೊದಲನೆಯದರಲ್ಲಿ 6 ಕಿಲೋಓಮಿನ ಮೂರು ರೋಧಕಗಳನ್ನು ಒಂದೇ ಗೆರೆಯಲ್ಲಿ ಬಿಡಿಸಿ, ಬಿಂದುಗಳನ್ನು ಎಡದಿಂದ ಎ, ಬಿ, ಸಿ, ಡಿ ಎಂದು ಹೆಸರಿಸಿ, ಎ-ಸಿಗೆ ಒಂದು ತಂತಿಯನ್ನೂ ಬಿ-ಡಿಗೆ ಇನ್ನೊಂದನ್ನೂ ಎಳೆಯಿರಿ. ಎ ಮತ್ತು ಡಿ ನಡುವಿನ ರೋಧ ಎಷ್ಟೆಂದು ಕೇಳಿದರೆ 18 ಕಿಲೋಓಮ್ ಎಂಬ ಉತ್ತರ ಹಲವರಿಂದ ಬರುತ್ತದೆ. ಬಣ್ಣ ಬಳಿದರೆ ಇರುವುದು ಎರಡೇ ನೋಡ್‌ಗಳು, ಮೂರು ರೋಧಕಗಳೂ ಸಮಾಂತರದಲ್ಲಿವೆ, ಉತ್ತರ 2 ಕಿಲೋಓಮ್. ಎರಡನೆಯದು ಐದು ರೋಧಕಗಳ ಬ್ರಿಜ್: ಸೋರ್ಸಿನ ಎರಡು ತುದಿಗಳ ನಡುವೆ ಎರಡೆರಡು ರೋಧಕಗಳ ಎರಡು ದಾರಿಗಳು, ಅವುಗಳ ನಡುಬಿಂದುಗಳನ್ನು ಸೇರಿಸುವ ಐದನೆಯ ರೋಧಕ. ಅದರಲ್ಲಿ ಯಾವ ಎರಡು ರೋಧಕಗಳೂ ಸರಣಿಯಲ್ಲೂ ಇಲ್ಲ, ಸಮಾಂತರದಲ್ಲೂ ಇಲ್ಲ. ಹೀಗೂ ಇರಬಹುದು ಎಂಬುದೇ ಹಲವರಿಗೆ ಹೊಸ ಸಂಗತಿ, ಮತ್ತು ವ್ಯವಸ್ಥಿತ ವಿಧಾನಗಳು ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಸಿಗದು.

ಪ್ಲಸ್-ಮೈನಸ್ ಗೊಂದಲವನ್ನು ಹೇಗೆ ಬಗೆಹರಿಸುವುದು?

ಬಾಣದ ಗುರುತು ಊಹೆಯೇ ಹೊರತು ಭವಿಷ್ಯವಾಣಿಯಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಕರೆಂಟ್ ನಿಜವಾಗಿ ಯಾವ ಕಡೆಗೆ ಹರಿಯುತ್ತದೆ ಎಂದು ತಿಳಿದ ಮೇಲೆಯೇ ಬಾಣ ಹಾಕಬೇಕೆಂದು ಕಾಯುವ ವಿದ್ಯಾರ್ಥಿ ಅಲ್ಲಿಯೇ ನಿಂತುಬಿಡುತ್ತಾನೆ. ಯಾವ ಕಡೆಗಾದರೂ ಹಾಕಲಿ. ಉತ್ತರ ಋಣವಾಗಿ ಬಂದರೆ ಕರೆಂಟ್ ಬಾಣದ ವಿರುದ್ಧ ದಿಕ್ಕಿನಲ್ಲಿದೆ ಎಂದಷ್ಟೇ ಅರ್ಥ. ಋಣ ಉತ್ತರ ಕಂಡೊಡನೆ ಚಿತ್ರದ ಬಾಣವನ್ನು ಅಳಿಸಿ ತಿರುಗಿಸುವ ಚಾಳಿಯನ್ನು ಮಾತ್ರ ಕಟ್ಟುನಿಟ್ಟಾಗಿ ತಡೆಯಬೇಕು, ಏಕೆಂದರೆ ಅದಾಗಲೇ ಬರೆದ ಸಮೀಕರಣಗಳು ಹಳೆಯ ಬಾಣವನ್ನು ನಂಬಿಕೊಂಡಿರುತ್ತವೆ.

ಒಂದೇ ಒಂದು ಕಟ್ಟುಪಾಡು ಸಾಕು: ಕರೆಂಟಿನ ಬಾಣವು ಪ್ಲಸ್ ತುದಿಯಿಂದ ಭಾಗದ ಒಳಗೆ ಹೋಗುವಂತೆ ಗುರುತಿಸಿದಾಗ, ವೋಲ್ಟೇಜ್ ಮತ್ತು ಕರೆಂಟಿನ ಗುಣಲಬ್ಧವು ಆ ಭಾಗ ಹೀರಿಕೊಳ್ಳುವ ಶಕ್ತಿಯ ದರ, ಅಂದರೆ ಪವರ್. ಧನವಾದರೆ ಹೀರುತ್ತಿದೆ, ಋಣವಾದರೆ ಕೊಡುತ್ತಿದೆ. ಸೋರ್ಸ್‌ಗಳಿಗೂ ರೋಧಕಗಳಿಗೂ ಬೇರೆ ಬೇರೆ ನಿಯಮಗಳನ್ನು ಕಲಿಸಹೋದರೆ ಗೊಂದಲ ದುಪ್ಪಟ್ಟಾಗುತ್ತದೆ.

ನೋಡಲ್ ಮೊದಲೋ, ಮೆಶ್ ಮೊದಲೋ?

ನೋಡಲ್ ಮೊದಲು. ನೋಡ್‌ಗಳ ವೋಲ್ಟೇಜುಗಳನ್ನು ಅಜ್ಞಾತಗಳಾಗಿ ಹಿಡಿದು ಕರೆಂಟ್ ಸಮೀಕರಣಗಳನ್ನು ಬರೆಯುವುದು ನೋಡಲ್; ಲೂಪುಗಳಲ್ಲಿ ಸುತ್ತುವ ಕರೆಂಟುಗಳನ್ನು ಅಜ್ಞಾತಗಳಾಗಿ ಹಿಡಿದು ವೋಲ್ಟೇಜ್ ಸಮೀಕರಣಗಳನ್ನು ಬರೆಯುವುದು ಮೆಶ್. ಮೆಶ್ ವಿಧಾನವು ತಂತಿಗಳು ಒಂದನ್ನೊಂದು ದಾಟದಂತೆ ಸಮತಲದಲ್ಲಿ ಬಿಡಿಸಬಹುದಾದ ಸರ್ಕ್ಯೂಟುಗಳಿಗೆ ಮಾತ್ರ ಒಗ್ಗುತ್ತದೆ. ನೋಡಲ್‌ಗೆ ಆ ನಿರ್ಬಂಧವಿಲ್ಲ. ಮೆಶ್ ಕರೆಂಟುಗಳನ್ನು ಹೊರಗಿನ ಕೊಂಡಿಗಳಲ್ಲಿ (ಎರಡು ನೋಡ್‌ಗಳನ್ನು ಸೇರಿಸುವ ಭಾಗಗಳಲ್ಲಿ) ಬಿಟ್ಟರೆ ಬೇರೆಲ್ಲೂ ನೇರವಾಗಿ ಅಳೆಯಲಾಗದು, ನೋಡ್ ವೋಲ್ಟೇಜನ್ನು ಎರಡು ಪ್ರೋಬ್‌ಗಳಿಂದ ಎಲ್ಲಿ ಬೇಕಾದರೂ ಅಳೆಯಬಹುದು. ಮುಂದೆ ಟ್ರಾನ್ಸಿಸ್ಟರ್, ಆಪ್-ಆಂಪ್ ಸರ್ಕ್ಯೂಟುಗಳಿಗೆ ಬಂದಾಗಲೂ ಎಂಜಿನಿಯರುಗಳು ಯೋಚಿಸುವುದು ನೋಡ್‌ಗಳ ಭಾಷೆಯಲ್ಲೇ.

ಇಡೀ ಪಾಠಕ್ಕೆ ಆಗಿಬರುವ ಒಂದು ಉದಾಹರಣೆ ಇಲ್ಲಿದೆ. 12 ವೋಲ್ಟಿನ ಸೋರ್ಸ್‌ನಿಂದ 2 ಕಿಲೋಓಮ್ ರೋಧಕವು ಎ ಎಂಬ ನೋಡ್‌ಗೆ ಬರುತ್ತದೆ. ಎ ನಿಂದ ಗ್ರೌಂಡ್‌ಗೆ, ಅಂದರೆ ಸೊನ್ನೆ ವೋಲ್ಟ್ ಎಂದು ಹಿಡಿದು ಉಳಿದವನ್ನು ಹೋಲಿಸುವ ನೋಡ್‌ಗೆ, 6 ಕಿಲೋಓಮ್ ಇದೆ. ಎ ನಿಂದಲೇ 3 ಕಿಲೋಓಮ್ ರೋಧಕವೊಂದು 6 ವೋಲ್ಟಿನ ಮತ್ತೊಂದು ಸೋರ್ಸ್‌ನ ಪ್ಲಸ್ ತುದಿಗೆ ಹೋಗುತ್ತದೆ. ಎರಡೂ ಸೋರ್ಸ್‌ಗಳ ಮೈನಸ್ ತುದಿ ಗ್ರೌಂಡಿನಲ್ಲಿದೆ. ಎ ನೋಡ್‌ನ ವೋಲ್ಟೇಜನ್ನು ವಿ ಎಂದು ಕರೆದು, ಅಲ್ಲಿಂದ ಹೊರಡುವ ಎಲ್ಲ ಕರೆಂಟುಗಳ ಮೊತ್ತ ಸೊನ್ನೆ ಎಂದು ಬರೆದರೆ:

(ವಿ − 12)/2 + ವಿ/6 + (ವಿ − 6)/3 = 0

ಉತ್ತರ ವಿ = 8 ವೋಲ್ಟ್. ಕರೆಂಟುಗಳು ಮಿಲಿಆಂಪಿಯರಿನಲ್ಲಿ ಬರುತ್ತವೆ: 2 ಕಿಲೋಓಮಿನ ಮೂಲಕ ಎ ಗೆ 2 ಮಿಲಿಆಂಪಿಯರ್ ಬರುತ್ತದೆ, 6 ಕಿಲೋಓಮಿನಲ್ಲಿ 1.33, 3 ಕಿಲೋಓಮಿನಲ್ಲಿ 0.67 ಹೊರಗೆ ಹೋಗುತ್ತದೆ. "ಹೊರಡುವ ಕರೆಂಟ್" ಎಂದು ಎಲ್ಲ ಪದಗಳನ್ನೂ ಒಂದೇ ಅಚ್ಚಿನಲ್ಲಿ, ಈ ನೋಡ್‌ನ ವೋಲ್ಟೇಜಿನಿಂದ ಆಚೆ ಬದಿಯದನ್ನು ಕಳೆದು, ಬರೆಯಿಸಿದರೆ ಚಿಹ್ನೆಯ ತಪ್ಪುಗಳು ಬಹಳ ಕಡಿಮೆಯಾಗುತ್ತವೆ. ಕೆಲವು ಕರೆಂಟುಗಳನ್ನು ಒಳಬರುವಂತೆಯೂ ಕೆಲವನ್ನು ಹೊರಹೋಗುವಂತೆಯೂ ಬರೆಯುವುದು ತಪ್ಪಲ್ಲ, ಆದರೆ ಹೊಸಬರಿಗೆ ಅದರಿಂದ ಲಾಭವೇನೂ ಇಲ್ಲ.

ಈ ಸರ್ಕ್ಯೂಟನ್ನು ಆರಿಸಿದ್ದಕ್ಕೆ ಇನ್ನೊಂದು ಕಾರಣವಿದೆ. 6 ವೋಲ್ಟಿನ ಸೋರ್ಸ್ ಇಲ್ಲಿ ಶಕ್ತಿ ಕೊಡುತ್ತಿಲ್ಲ, ಹೀರುತ್ತಿದೆ. 12 ವೋಲ್ಟಿನದು 24 ಮಿಲಿವಾಟ್ ಕೊಡುತ್ತದೆ. ರೋಧಕಗಳಲ್ಲಿ ಕ್ರಮವಾಗಿ 8, 10.67 ಮತ್ತು 1.33 ಮಿಲಿವಾಟ್ ವ್ಯಯವಾಗುತ್ತದೆ; ಉಳಿದ 4 ಮಿಲಿವಾಟ್ 6 ವೋಲ್ಟಿನ ಸೋರ್ಸಿಗೆ ಸೇರುತ್ತದೆ. ಲೆಕ್ಕ ತಾಳೆಯಾಗುತ್ತದೆ. ಸೋರ್ಸ್ ಎಂದರೆ ಕೊಡುವಂಥದ್ದೇ ಎಂಬ ಭ್ರಮೆ ಇಲ್ಲೇ ಕಳಚಬೇಕು.

ಒಂದೇ ಸರ್ಕ್ಯೂಟನ್ನು ಹಲವು ವಿಧಾನಗಳಿಂದ ಬಿಡಿಸುವುದು ಕಾಲಹರಣವಲ್ಲವೇ?

ಅಲ್ಲ. ಮೇಲಿನ ಸರ್ಕ್ಯೂಟನ್ನೇ ಮೆಶ್‌ನಿಂದ ಬಿಡಿಸಿದರೆ 8ಐ₁ − 6ಐ₂ = 12 ಮತ್ತು −6ಐ₁ + 9ಐ₂ = −6 ಎಂಬ ಎರಡು ಸಮೀಕರಣಗಳು ಬರುತ್ತವೆ; ಮೊದಲ ಮೆಶ್ ಕರೆಂಟ್ 2 ಮಿಲಿಆಂಪಿಯರ್, ಎರಡನೆಯದು 0.67. ಒಂದು ಸಮೀಕರಣದಲ್ಲಿ ಮುಗಿಯುವುದಕ್ಕೆ ಇಲ್ಲಿ ಎರಡು ಬೇಕಾದವು ಎಂಬುದನ್ನು ವಿದ್ಯಾರ್ಥಿಗಳೇ ಗಮನಿಸುತ್ತಾರೆ. ವಿಧಾನದ ಆಯ್ಕೆ ಎಂಬ ಮಾತಿಗೆ ಆಗ ಅರ್ಥ ಬರುತ್ತದೆ. ಪ್ರತಿ ವಿಧಾನಕ್ಕೂ ಹೊಸ ಸರ್ಕ್ಯೂಟ್ ಕೊಟ್ಟರೆ ವಿದ್ಯಾರ್ಥಿಯ ಗಮನವೆಲ್ಲ ಹೊಸ ಅಂಕಿಗಳಿಗೆ ಹೋಗುತ್ತದೆ, ಹೋಲಿಕೆ ಸಾಧ್ಯವಾಗುವುದಿಲ್ಲ.

ಎಷ್ಟು ಸಮೀಕರಣಗಳು ಬೇಕೆಂದು ಮೊದಲೇ ತಿಳಿಯುವುದು ಹೇಗೆ?

ನೋಡ್‌ಗಳ ಸಂಖ್ಯೆಯಲ್ಲಿ ಒಂದು ಕಳೆದರೆ ಸ್ವತಂತ್ರವಾದ ಕರೆಂಟ್ ಸಮೀಕರಣಗಳ ಸಂಖ್ಯೆ ಸಿಗುತ್ತದೆ. ಕೊಂಡಿಗಳ ಸಂಖ್ಯೆಯಿಂದ ನೋಡ್‌ಗಳ ಸಂಖ್ಯೆಯನ್ನು ಕಳೆದು ಒಂದು ಕೂಡಿಸಿದರೆ ಸ್ವತಂತ್ರವಾದ ವೋಲ್ಟೇಜ್ ಸಮೀಕರಣಗಳ ಸಂಖ್ಯೆ. ಗ್ರೌಂಡ್‌ಗೆ ನೇರವಾಗಿ ಕಟ್ಟಿದ ಪ್ರತಿ ವೋಲ್ಟೇಜ್ ಸೋರ್ಸ್ ಒಂದು ನೋಡ್‌ನ ವೋಲ್ಟೇಜನ್ನು ಮೊದಲೇ ಹೇಳಿಬಿಡುವುದರಿಂದ ನೋಡಲ್‌ನಲ್ಲಿ ಒಂದು ಸಮೀಕರಣ ಕಡಿಮೆಯಾಗುತ್ತದೆ.

ಎರಡು ನೋಡ್‌ಗಳ ನಡುವೆ ವೋಲ್ಟೇಜ್ ಸೋರ್ಸ್ ಇದ್ದರೆ?

ಆ ಸೋರ್ಸಿನ ಕರೆಂಟನ್ನು ವೋಲ್ಟೇಜಿನಿಂದ ಬರೆಯಲು ಆಗುವುದಿಲ್ಲ, ಆದ್ದರಿಂದ ಎರಡೂ ನೋಡ್‌ಗಳನ್ನು ಸೇರಿಸಿ ಒಂದೇ ಆವರಣದೊಳಗೆ ತಂದು ಆವರಣಕ್ಕೆ ಕರೆಂಟ್ ಸಮೀಕರಣ ಬರೆಯಬೇಕು, ಇದೇ ಸೂಪರ್‌ನೋಡ್. ಎರಡು ವೋಲ್ಟೇಜುಗಳ ವ್ಯತ್ಯಾಸ ಸೋರ್ಸಿನ ಬೆಲೆಗೆ ಸಮ ಎಂಬುದು ಎರಡನೆಯ ಸಮೀಕರಣ. ವಿದ್ಯಾರ್ಥಿಗಳು ಮರೆಯುವುದು ಈ ಎರಡನೆಯದನ್ನೇ.

ಸೂಪರ್‌ಪೊಸಿಷನ್ ಕಲಿಸುವಾಗ ಯಾವುದಕ್ಕೆ ಒತ್ತು ಕೊಡಬೇಕು?

ಸೋರ್ಸನ್ನು ಸೊನ್ನೆ ಮಾಡುವುದೆಂದರೇನು ಎಂಬುದಕ್ಕೆ. ಸೂಪರ್‌ಪೊಸಿಷನ್ ಎಂದರೆ ಒಂದು ಸೋರ್ಸನ್ನು ಮಾತ್ರ ಇಟ್ಟುಕೊಂಡು ಮಿಕ್ಕವನ್ನು ಸೊನ್ನೆ ಮಾಡಿ, ಹೀಗೆ ಒಂದೊಂದರಿಂದ ಬಂದ ಉತ್ತರಗಳನ್ನು ಕೂಡಿಸುವುದು. ಸೊನ್ನೆ ವೋಲ್ಟಿನ ಸೋರ್ಸ್ ಎಂದರೆ ಬರೀ ತಂತಿ. ಸೊನ್ನೆ ಆಂಪಿಯರಿನ ಸೋರ್ಸ್ ಎಂದರೆ ಕತ್ತರಿಸಿದ ತಂತಿ. ಇದನ್ನು ಬಾಯಿಪಾಠ ಮಾಡಿಸಿದರೆ ಪರೀಕ್ಷೆಯಲ್ಲಿ ತಿರುಗುಮುರುಗಾಗುತ್ತದೆ, ಅರ್ಥದಿಂದ ಹೇಳಿಕೊಟ್ಟರೆ ಆಗುವುದಿಲ್ಲ. ನಮ್ಮ ಸರ್ಕ್ಯೂಟಿನಲ್ಲಿ 12 ವೋಲ್ಟ್ ಒಂದೇ ಇದ್ದಾಗ ಎ ನಲ್ಲಿ 6 ವೋಲ್ಟ್, 6 ವೋಲ್ಟಿನದು ಒಂದೇ ಇದ್ದಾಗ 2 ವೋಲ್ಟ್, ಕೂಡಿದರೆ 8.

ಪವರ್‌ಗೆ ಇದು ಸಲ್ಲದು ಎಂಬುದನ್ನು ಹೇಳಿಬಿಟ್ಟರೆ ಸಾಲದು, ತೋರಿಸಬೇಕು. 6 ಕಿಲೋಓಮಿನಲ್ಲಿ ಮೊದಲ ಸೋರ್ಸಿನಿಂದ 6 ಮಿಲಿವಾಟ್, ಎರಡನೆಯದರಿಂದ 0.67, ಮೊತ್ತ 6.67. ನಿಜವಾದ ಪವರ್ 10.67 ಮಿಲಿವಾಟ್. ಕಾಣೆಯಾದ 4 ಮಿಲಿವಾಟ್ ಎಲ್ಲಿ ಹೋಯಿತು ಎಂದು ಕೇಳಿ, 6 ಮತ್ತು 2ರ ಮೊತ್ತವನ್ನು ವರ್ಗ ಮಾಡಿದಾಗ ಬರುವ ನಡುವಿನ ಪದವನ್ನು ಅವರೇ ಕಂಡುಕೊಳ್ಳಲು ಬಿಡಿ.

ಥೆವೆನಿನ್ ಪ್ರಮೇಯ ಏಕೆ ಇಷ್ಟು ಕಷ್ಟವಾಗುತ್ತದೆ?

ಅದನ್ನು ಲೆಕ್ಕ ಬಿಡಿಸುವ ಮತ್ತೊಂದು ತಂತ್ರವೆಂದು ಪರಿಚಯಿಸುವುದರಿಂದ. ಸೋರ್ಸ್‌ಗಳು ಮತ್ತು ರೋಧಕಗಳ ಸರ್ಕ್ಯೂಟನ್ನು ಎರಡು ತುದಿಗಳಿಂದ ನೋಡಿದಾಗ ಅದರ ಬದಲಿಗೆ ಒಂದು ವೋಲ್ಟೇಜ್ ಸೋರ್ಸನ್ನೂ ಅದಕ್ಕೆ ಸರಣಿಯಲ್ಲಿ ಒಂದು ರೋಧವನ್ನೂ ಇಡಬಹುದು ಎಂಬುದೇ ಆ ಪ್ರಮೇಯ. ಒಂದೇ ಲೋಡ್ (ಆ ತುದಿಗಳಿಗೆ ಜೋಡಿಸುವ ಭಾಗ) ಇರುವ ಲೆಕ್ಕದಲ್ಲಿ ಥೆವೆನಿನ್‌ನಿಂದ ಏನೂ ಉಳಿತಾಯವಿಲ್ಲ, ಹಾಗಾಗಿ ವಿದ್ಯಾರ್ಥಿಗೆ ಅದು ಸುತ್ತುಬಳಸಿನ ದಾರಿಯಾಗಿ ಕಾಣುವುದು ಸಹಜವೇ. ಅದರ ನಿಜವಾದ ಪ್ರಯೋಜನ ಲೋಡ್ ಬದಲಾಗುತ್ತಾ ಹೋದಾಗ ತಿಳಿಯುತ್ತದೆ. ನಮ್ಮ ಸರ್ಕ್ಯೂಟಿನಿಂದ 6 ಕಿಲೋಓಮನ್ನು ಕಿತ್ತು, ಆ ತುದಿಗಳಿಂದ ಒಳಗೆ ನೋಡಿ. ಓಪನ್ ಸರ್ಕ್ಯೂಟ್ ವೋಲ್ಟೇಜ್ 9.6 ವೋಲ್ಟ್, ರೋಧ 1.2 ಕಿಲೋಓಮ್. ಈಗ 6 ಕಿಲೋಓಮಿನ ಜಾಗದಲ್ಲಿ ಹತ್ತು ಬೇರೆ ಬೇರೆ ರೋಧಕಗಳನ್ನು ಕೊಟ್ಟು ಪ್ರತಿಯೊಂದರ ವೋಲ್ಟೇಜ್ ಕೇಳಿ. ಮೂರನೆಯದಕ್ಕೆ ಬರುವಷ್ಟರಲ್ಲಿ ಪ್ರಮೇಯದ ಬೆಲೆ ತಾನಾಗಿ ಅರ್ಥವಾಗಿರುತ್ತದೆ.

ಸಮಾನ ಎಂಬುದು ಹೊರಗಿನಿಂದ ನೋಡಿದಾಗ ಮಾತ್ರ ಸಮಾನ ಎಂಬುದನ್ನೂ ಇದೇ ಅಂಕಿಗಳಿಂದ ತೋರಿಸಬಹುದು. ಲೋಡ್ ಇಲ್ಲದಿದ್ದಾಗ ಥೆವೆನಿನ್ ಸಮಾನ ಸರ್ಕ್ಯೂಟಿನಲ್ಲಿ ಕರೆಂಟಿಲ್ಲ, ವ್ಯಯವೂ ಇಲ್ಲ. ಮೂಲ ಸರ್ಕ್ಯೂಟಿನಲ್ಲಾದರೆ 12 ವೋಲ್ಟಿನಿಂದ 6 ವೋಲ್ಟಿನ ಕಡೆಗೆ 1.2 ಮಿಲಿಆಂಪಿಯರ್ ಹರಿಯುತ್ತಲೇ ಇದ್ದು ಎರಡು ರೋಧಕಗಳಲ್ಲಿ 7.2 ಮಿಲಿವಾಟ್ ಸುಡುತ್ತಿರುತ್ತದೆ. ಲೋಡಿನ ರೋಧವು ಥೆವೆನಿನ್ ರೋಧಕ್ಕೆ ಸಮವಾದಾಗ ಲೋಡಿಗೆ ಅತಿ ಹೆಚ್ಚು ಪವರ್ ಸಿಗುತ್ತದೆ ಎಂಬ ಗರಿಷ್ಠ ಪವರ್ ಪ್ರಮೇಯವನ್ನು ಕಲಿಸುವಾಗ ದಕ್ಷತೆ ಯಾವಾಗಲೂ ಶೇಕಡಾ 50 ಎಂದು ಬರೆಯಿಸುವ ಅಭ್ಯಾಸ ಕೆಲವೆಡೆ ಇದೆ. ಅದು ಸಮಾನ ಸರ್ಕ್ಯೂಟಿನೊಳಗಿನ ಲೆಕ್ಕ, ಮೂಲ ಸರ್ಕ್ಯೂಟಿನ ದಕ್ಷತೆಯಲ್ಲ.

ಹೆಸರುಗಳ ಬಗ್ಗೆ ಒಂದು ಮಾತು. ಥೆವೆನಿನ್ ಇದನ್ನು ಪ್ರಕಟಿಸಿದ್ದು 1883ರಲ್ಲಿ, ಆದರೆ ಹೆಲ್ಮ್‌ಹೋಲ್ಟ್ಸ್ 1853ರಲ್ಲೇ ಇದೇ ಫಲಿತಾಂಶವನ್ನು ಮಂಡಿಸಿದ್ದ. ಒಂದು ಕರೆಂಟ್ ಸೋರ್ಸ್ ಮತ್ತು ಅದಕ್ಕೆ ಸಮಾಂತರವಾಗಿ ಒಂದು ರೋಧ ಇರುವ ನಾರ್ಟನ್ ರೂಪ ಬಂದದ್ದು 1926ರಲ್ಲಿ. ಅದನ್ನು ಬೇರೆ ಪಾಠವಾಗಿ ಕಲಿಸಬೇಕಾಗಿಲ್ಲ, ಸೋರ್ಸ್ ಪರಿವರ್ತನೆಯೊಂದಿಗೆ ಸೇರಿಸಿ ಹೇಳಿದರಾಯಿತು.

ಅವಲಂಬಿತ ಸೋರ್ಸ್‌ಗಳನ್ನು ಯಾವಾಗ ತರಬೇಕು?

ನೋಡಲ್ ವಿಧಾನ ಕೈಗೆ ಕುದುರಿದ ಮೇಲೆ, ಥೆವೆನಿನ್‌ಗಿಂತ ಮುಂಚೆ. ಬಹಳ ಮಂದಿ ಮಾಡುವ ತಪ್ಪೆಂದರೆ ಸೂಪರ್‌ಪೊಸಿಷನ್‌ನಲ್ಲೂ ಥೆವೆನಿನ್ ರೋಧ ಕಂಡುಹಿಡಿಯುವಾಗಲೂ ಇವುಗಳನ್ನೂ ಸೊನ್ನೆ ಮಾಡಿಬಿಡುವುದು. ಅವಲಂಬಿತ ಸೋರ್ಸ್ ತನ್ನಷ್ಟಕ್ಕೆ ತಾನು ನಿಂತ ಸೋರ್ಸಲ್ಲ. ಸರ್ಕ್ಯೂಟಿನ ಬೇರೆ ಯಾವುದೋ ವೋಲ್ಟೇಜ್ ಅಥವಾ ಕರೆಂಟ್ ಇರುವವರೆಗೂ ಅದು ಇರುತ್ತದೆ.

ಎರಡು ತುದಿಗಳ ನಡುವೆ 4 ಕಿಲೋಓಮ್ ರೋಧಕವಿದೆ. ಅದಕ್ಕೆ ಸಮಾಂತರವಾಗಿ, ತುದಿಗಳ ವೋಲ್ಟೇಜ್ ಒಂದು ವೋಲ್ಟ್ ಇದ್ದರೆ 0.25 ಮಿಲಿಆಂಪಿಯರನ್ನು ಮೇಲಿನಿಂದ ಕೆಳಗೆ ಒಯ್ಯುವ ಅವಲಂಬಿತ ಕರೆಂಟ್ ಸೋರ್ಸ್ ಇದೆ. ಹೊರಗಿನಿಂದ 1 ವೋಲ್ಟ್ ಕೊಟ್ಟು ನೋಡಿ. ರೋಧಕ 0.25 ಮಿಲಿಆಂಪಿಯರ್ ತೆಗೆದುಕೊಳ್ಳುತ್ತದೆ, ಸೋರ್ಸ್ ಮತ್ತೆ 0.25, ಒಟ್ಟು 0.5, ಆದ್ದರಿಂದ ರೋಧ 2 ಕಿಲೋಓಮ್. ಸೋರ್ಸನ್ನು ಸೊನ್ನೆ ಮಾಡಿದವರಿಗೆ 4 ಕಿಲೋಓಮ್ ಬಂದಿರುತ್ತದೆ. ಸೋರ್ಸಿನ ದಿಕ್ಕನ್ನು ತಿರುಗಿಸಿದರೆ ಒಟ್ಟು ಕರೆಂಟ್ ಸೊನ್ನೆಯಾಗಿ ರೋಧ ಅನಂತವಾಗುತ್ತದೆ. ತಿರುಗಿಸಿ, ಬೆಲೆಯನ್ನೂ ಹೆಚ್ಚಿಸಿದರೆ ರೋಧ ಋಣವಾಗುತ್ತದೆ. ಋಣ ರೋಧ ಕಂಡು ತರಗತಿ ಗಾಬರಿಯಾದರೆ ಒಳ್ಳೆಯದೇ, ಅಲ್ಲಿಂದ ಆಂಪ್ಲಿಫೈಯರ್‌ಗಳ ಮಾತಿಗೆ ದಾರಿ ತೆರೆಯುತ್ತದೆ.

ನೀರಿನ ಕೊಳವೆಯ ಹೋಲಿಕೆಯನ್ನು ಬಳಸಬಹುದೇ?

ಮೊದಲ ಎರಡು ದಿನ ಬಳಸಿ, ಅನಂತರ ಬಿಟ್ಟುಬಿಡಿ. ಒತ್ತಡಕ್ಕೂ ಹರಿವಿಗೂ ಇರುವ ಭೇದವನ್ನು ಅದು ಚೆನ್ನಾಗಿ ತೋರಿಸುತ್ತದೆ. ಆದರೆ ತುಂಡಾದ ಕೊಳವೆಯಿಂದ ನೀರು ಸೋರುತ್ತದೆ, ತುಂಡಾದ ತಂತಿಯಿಂದ ಕರೆಂಟ್ ಸೋರುವುದಿಲ್ಲ.

ಪ್ರಯೋಗಾಲಯದಲ್ಲಿ ಏನನ್ನು ಮಾಡಿಸಬೇಕು?

ತರಗತಿಯಲ್ಲಿ ಬಿಡಿಸಿದ ಸರ್ಕ್ಯೂಟನ್ನೇ ಬ್ರೆಡ್‌ಬೋರ್ಡ್ ಮೇಲೆ ಕಟ್ಟಿಸಬೇಕು. 2 ಮತ್ತು 3 ಕಿಲೋಓಮಿನ ರೋಧಕಗಳು ಶೇಕಡಾ 5ರ ಶ್ರೇಣಿಯಲ್ಲಿ ಸಿಗುತ್ತವೆ, 6 ಕಿಲೋಓಮ್ ಆ ಶ್ರೇಣಿಯಲ್ಲಿಲ್ಲ. 3 ಕಿಲೋಓಮಿನ ಎರಡನ್ನು ಸರಣಿಯಲ್ಲಿ ಹಾಕಿದರಾಯಿತು. ಇಲ್ಲೊಂದು ಹೊಂಚಿರುವ ತೊಡಕಿದೆ. 6 ವೋಲ್ಟಿನ ಸೋರ್ಸಿಗೆ ಕರೆಂಟ್ ಒಳಗೆ ಹರಿಯಬೇಕು, ಆದರೆ ಪ್ರಯೋಗಾಲಯದ ಅನೇಕ ಪವರ್ ಸಪ್ಲೈಗಳು ಕರೆಂಟನ್ನು ಕೊಡಬಲ್ಲವೇ ಹೊರತು ಒಳಗೆ ತೆಗೆದುಕೊಳ್ಳಲಾರವು. ಆಗ 6 ವೋಲ್ಟ್ ಇರಬೇಕಾದ ತುದಿಯಲ್ಲಿ ಅದಕ್ಕಿಂತ ಹೆಚ್ಚು ಕಾಣುತ್ತದೆ, ವಿದ್ಯಾರ್ಥಿ ತನ್ನ ಲೆಕ್ಕವೇ ತಪ್ಪೆಂದು ಪುಟ ಹರಿಯುತ್ತಾನೆ. ಆ ಸಪ್ಲೈಗೆ ಅಡ್ಡಲಾಗಿ 1 ಕಿಲೋಓಮ್ ರೋಧಕವೊಂದನ್ನು ಹಾಕಿದರೆ ಅದು 6 ಮಿಲಿಆಂಪಿಯರ್ ಎಳೆಯುತ್ತದೆ, ಸಪ್ಲೈ ಒಟ್ಟಿನಲ್ಲಿ ಕರೆಂಟ್ ಕೊಡುತ್ತಲೇ ಇರುತ್ತದೆ, ಅಳತೆ ಸರಿಹೋಗುತ್ತದೆ. ಆದರ್ಶ ಸೋರ್ಸಿಗೂ ಮೇಜಿನ ಮೇಲಿನ ಪೆಟ್ಟಿಗೆಗೂ ಇರುವ ವ್ಯತ್ಯಾಸವನ್ನು ಹೇಳಲು ಇದು ತಕ್ಕ ಸಮಯ.

ಎರಡನೆಯ ಪ್ರಯೋಗವಾಗಿ ಮೀಟರಿನ ಹೊರೆಯನ್ನು ತೋರಿಸಿ. 10 ವೋಲ್ಟಿಗೆ 1 ಮೆಗಾಓಮಿನ ಎರಡು ರೋಧಕಗಳನ್ನು ಸರಣಿಯಲ್ಲಿ ಕಟ್ಟಿದರೆ ಒಂದೊಂದರ ಮೇಲೂ 5 ವೋಲ್ಟ್ ಇರಬೇಕು. 10 ಮೆಗಾಓಮ್ ಒಳರೋಧದ ಡಿಜಿಟಲ್ ಮಲ್ಟಿಮೀಟರಿನಿಂದ ಅಳೆದರೆ 4.76 ವೋಲ್ಟ್ ತೋರಿಸುತ್ತದೆ, ರೋಧಕಗಳ ಬೆಲೆಯ ಏರುಪೇರು ಬೇರೆ. ಮೀಟರ್ ಕೂಡ ಸರ್ಕ್ಯೂಟಿನ ಒಂದು ಭಾಗವೇ ಎಂಬುದನ್ನು ವಿದ್ಯಾರ್ಥಿಯು ಥೆವೆನಿನ್ ಬಳಸಿ ತಾನೇ ಲೆಕ್ಕ ಹಾಕಲಿ.

ಆಮ್ಮೀಟರನ್ನು ಸೋರ್ಸಿಗೆ ನೇರವಾಗಿ ಅಡ್ಡಲಾಗಿ ಜೋಡಿಸಿ ಫ್ಯೂಸ್ ಸುಡುವವರು ಪ್ರತಿ ತಂಡದಲ್ಲೂ ಇರುತ್ತಾರೆ. ಬಿಡಿ ಫ್ಯೂಸ್‌ಗಳನ್ನು ಇಟ್ಟುಕೊಂಡಿರಿ.

ಸಿಮ್ಯುಲೇಟರ್‌ಗಳು ಇರುವಾಗ ಕೈಯಿಂದ ಲೆಕ್ಕ ಮಾಡಿಸುವುದೇಕೆ?

ಸಿಮ್ಯುಲೇಟರ್ ಉತ್ತರ ಕೊಡುತ್ತದೆ, ಆ ಉತ್ತರ ನಂಬತಕ್ಕದ್ದೇ ಎಂಬುದನ್ನು ನಿರ್ಧರಿಸಬೇಕಾದವನು ಬಳಸುವವನೇ. 12 ಮತ್ತು 6 ವೋಲ್ಟ್‌ಗಳ ನಡುವೆ ರೋಧಕಗಳು ಮಾತ್ರ ಇರುವ ನೋಡ್‌ನಲ್ಲಿ 14 ವೋಲ್ಟ್ ಬಂದರೆ ಎಲ್ಲೋ ತಂತಿ ತಪ್ಪಿದೆ ಎಂದು ತಕ್ಷಣ ಹೊಳೆಯಬೇಕಾದರೆ ಕೈಲೆಕ್ಕದ ರೂಢಿ ಇರಬೇಕು. ಆದರೂ ಸಿಮ್ಯುಲೇಟರನ್ನು ದೂರವಿಡುವುದು ಸರಿಯಲ್ಲ. ಬರ್ಕ್ಲಿಯಲ್ಲಿ 1970ರ ದಶಕದ ಆರಂಭದಲ್ಲಿ ರೂಪುಗೊಂಡ ಸ್ಪೈಸ್ ಮತ್ತು ಅದರ ಸಂತತಿಯ ತಂತ್ರಾಂಶಗಳು ಒಳಗೆ ಬಿಡಿಸುವುದು ನೋಡಲ್ ಸಮೀಕರಣಗಳನ್ನೇ ಎಂದು ತಿಳಿದಾಗ, ಕಲಿತ ವಿಧಾನಕ್ಕೆ ಬೇರೆಯೇ ತೂಕ ಬರುತ್ತದೆ. ಗ್ರೌಂಡ್ ಇಲ್ಲದ ಸರ್ಕ್ಯೂಟನ್ನು, ಅಥವಾ ಬೇರೆ ಬೆಲೆಯ ಎರಡು ವೋಲ್ಟೇಜ್ ಸೋರ್ಸ್‌ಗಳನ್ನು ಸಮಾಂತರದಲ್ಲಿಟ್ಟ ಸರ್ಕ್ಯೂಟನ್ನು ಬೇಕೆಂದೇ ಕೊಟ್ಟು, ಬರುವ ದೋಷಸಂದೇಶವನ್ನು ಕಿರ್ಚಾಫನ ನಿಯಮಗಳಿಂದ ವಿವರಿಸಲು ಹೇಳುವುದು ಒಳ್ಳೆಯ ಮನೆಗೆಲಸ.

ಕೆಪಾಸಿಟರ್ ಮತ್ತು ಎಸಿ ಸರ್ಕ್ಯೂಟುಗಳಿಗೆ ಯಾವಾಗ ಹೋಗಬೇಕು?

ರೋಧಕಗಳ ಸರ್ಕ್ಯೂಟಿನಲ್ಲಿ ಥೆವೆನಿನ್ ಸಲೀಸಾದ ಕೂಡಲೇ. ನಮ್ಮ ಸರ್ಕ್ಯೂಟಿನ 6 ಕಿಲೋಓಮಿನ ಜಾಗದಲ್ಲಿ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟರೆ ಕಾಲಸ್ಥಿರಾಂಕ 1.2 ಕಿಲೋಓಮ್ ಗುಣಿಸು 1 ಮೈಕ್ರೋಫ್ಯಾರಡ್, ಅಂದರೆ 1.2 ಮಿಲಿಸೆಕೆಂಡ್. ಖಾಲಿ ಇದ್ದ ಕೆಪಾಸಿಟರ್ ಒಂದು ಕಾಲಸ್ಥಿರಾಂಕದಲ್ಲಿ 9.6 ವೋಲ್ಟಿನ ಶೇಕಡಾ 63ರಷ್ಟನ್ನೂ ಐದು ಕಾಲಸ್ಥಿರಾಂಕಗಳಲ್ಲಿ ಶೇಕಡಾ 99ಕ್ಕಿಂತ ಹೆಚ್ಚನ್ನೂ ಮುಟ್ಟುತ್ತದೆ. ಆರಂಭದ ಬೆಲೆ, ಕೊನೆಯ ಬೆಲೆ, ಕಾಲಸ್ಥಿರಾಂಕ, ಈ ಮೂರನ್ನು ಕಂಡುಹಿಡಿದರೆ ಪೂರ್ತಿ ಉತ್ತರ ಬರೆಯಬಹುದು ಎಂದು ತಿಳಿದ ವಿದ್ಯಾರ್ಥಿಗೆ ಅವಕಲ ಸಮೀಕರಣದ ಭಯ ಅರ್ಧ ಇಳಿಯುತ್ತದೆ.

ಎಸಿಯಲ್ಲಿ ತೊಡಕಾಗುವುದು ಸರ್ಕ್ಯೂಟ್ ಅಲ್ಲ, ಸಂಕೀರ್ಣ ಸಂಖ್ಯೆಗಳು. ರೋಧಕದ ಮೇಲೆ 3 ವೋಲ್ಟ್, ಅದಕ್ಕೆ ಸರಣಿಯಲ್ಲಿರುವ ಕೆಪಾಸಿಟರಿನ ಮೇಲೆ 4 ವೋಲ್ಟ್ ತೋರಿಸುವ ಮೀಟರು ಎರಡರ ಮೇಲೂ ಒಟ್ಟಿಗೆ ಇಟ್ಟಾಗ 5 ವೋಲ್ಟ್ ಏಕೆ ತೋರಿಸುತ್ತದೆ ಎಂಬ ಪ್ರಶ್ನೆಯಿಂದ ಆರಂಭಿಸಿದರೆ ಫೇಸರ್‌ಗಳ, ಅಂದರೆ ಎಸಿ ವೋಲ್ಟೇಜ್ ಅಥವಾ ಕರೆಂಟಿನ ಗಾತ್ರವನ್ನೂ ಹಂತವನ್ನೂ ಒಟ್ಟಿಗೆ ಹೇಳುವ ಸಂಕೀರ್ಣ ಸಂಖ್ಯೆಗಳ, ಅಗತ್ಯ ಮನದಟ್ಟಾಗುತ್ತದೆ. 1893ರಲ್ಲಿ ಸ್ಟೈನ್‌ಮೆಟ್ಸ್ ಸಂಕೀರ್ಣ ಸಂಖ್ಯೆಗಳ ಈ ಬಳಕೆಯನ್ನು ಎಂಜಿನಿಯರುಗಳ ಮುಂದಿಟ್ಟ ಮೇಲೆ, ಡಿಸಿಗೆಂದು ಕಲಿತ ನೋಡಲ್, ಮೆಶ್, ಥೆವೆನಿನ್ ಎಲ್ಲವೂ ರೋಧದ ಜಾಗದಲ್ಲಿ ಅದರ ಎಸಿ ರೂಪವಾದ ಇಂಪೀಡೆನ್ಸ್ ಇಟ್ಟು ಹಾಗೆಯೇ ಎಸಿಗೂ ಬಳಕೆಗೆ ಬಂದವು. ಹೊಸ ವಿಧಾನವೇನೂ ಇಲ್ಲಿಲ್ಲ ಎಂದು ಒತ್ತಿ ಹೇಳಬೇಕು.

ಪರೀಕ್ಷೆಯಲ್ಲಿ ಎಂಥ ಪ್ರಶ್ನೆಗಳನ್ನು ಕೇಳಬೇಕು?

ಅಂಕಿಗಳನ್ನಷ್ಟೇ ಬದಲಾಯಿಸಿದ ಲೆಕ್ಕಗಳಿಂದ ವಿದ್ಯಾರ್ಥಿಯ ತಿಳಿವಳಿಕೆ ಹೊರಬೀಳುವುದಿಲ್ಲ. "6 ಕಿಲೋಓಮನ್ನು ಹೆಚ್ಚಿಸಿದರೆ 12 ವೋಲ್ಟಿನ ಸೋರ್ಸ್ ಕೊಡುವ ಕರೆಂಟ್ ಏರುತ್ತದೆಯೇ, ಇಳಿಯುತ್ತದೆಯೇ? ಸಮೀಕರಣ ಬಿಡಿಸದೆ ಕಾರಣ ಕೊಡಿ" ಎಂಬಂಥ ಪ್ರಶ್ನೆಯೊಂದು ಇರಲಿ. ಬೇರೊಬ್ಬರು ಬಿಡಿಸಿದ, ಒಂದು ತಪ್ಪು ಇರುವ ಉತ್ತರವನ್ನು ಕೊಟ್ಟು ಅದನ್ನು ಹುಡುಕಲು ಹೇಳುವುದೂ ಉಪಯುಕ್ತ. ಮೌಲ್ಯಮಾಪನದಲ್ಲಿ ಸರಿಯಾಗಿ ಬರೆದ ಸಮೀಕರಣಗಳಿಗೆ ಹೆಚ್ಚಿನ ಅಂಕ, ಅಂಕಗಣಿತದ ತಪ್ಪಿಗೆ ಸಣ್ಣ ಕಡಿತ. ಪವರ್ ತಾಳೆ ನೋಡಿ, "ನನ್ನ ಉತ್ತರ ತಪ್ಪಾಗಿದೆ, ತಪ್ಪು ಎಲ್ಲಿದೆಯೆಂದು ಸಿಗಲಿಲ್ಲ" ಎಂದು ಬರೆದವರಿಗೂ ಅಂಕ ಸಲ್ಲಬೇಕು ಎಂಬುದು ನನ್ನ ಅಭಿಪ್ರಾಯ. ತಾಳೆ ನೋಡದೆ, ರೋಧಕಗಳು ಮಾತ್ರ ಇರುವ ಸರ್ಕ್ಯೂಟಿಗೂ ಋಣ ರೋಧವನ್ನು ಎರಡು ಗೆರೆ ಎಳೆದು ಉತ್ತರವೆಂದು ಕೊಡುವವರಿಗಿಂತ ಅವರು ಹೆಚ್ಚು ಕಲಿತಿದ್ದಾರೆ.

ಕಿರ್ಚಾಫನ ನಿಯಮಗಳು ಎಲ್ಲ ಕಡೆಯೂ ನಿಲ್ಲುತ್ತವೆಯೇ? ಚುರುಕಾದ ವಿದ್ಯಾರ್ಥಿ ಕೇಳಿದರೆ ಏನು ಹೇಳಬೇಕು?

ಇಲ್ಲವೆಂದೇ ಹೇಳಬೇಕು. ಸರ್ಕ್ಯೂಟಿನ ಗಾತ್ರವು ಅದರಲ್ಲಿನ ಸಂಕೇತದ ತರಂಗದೂರಕ್ಕಿಂತ ಬಹಳ ಚಿಕ್ಕದಾಗಿರುವವರೆಗೆ ಅವು ಸಾಕಷ್ಟು ನಿಖರ. 50 ಹರ್ಟ್ಸ್‌ನಲ್ಲಿ ತರಂಗದೂರ ಸುಮಾರು 6000 ಕಿಲೋಮೀಟರ್, ಹಾಗಾಗಿ ಮೇಜಿನ ಮೇಲಿನ ಸರ್ಕ್ಯೂಟಿಗೆ ಚಿಂತೆಯೇ ಇಲ್ಲ. 1 ಗಿಗಾಹರ್ಟ್ಸ್‌ನಲ್ಲಿ ಅದು ನಿರ್ವಾತದಲ್ಲೂ 30 ಸೆಂಟಿಮೀಟರ್ ಮಾತ್ರ. ಅಂಗೈಯಗಲದ ಬೋರ್ಡಿನ ಒಂದು ತಂತಿಯ ಎರಡು ತುದಿಗಳಲ್ಲಿ ಏಕಕಾಲಕ್ಕೆ ಬೇರೆ ಬೇರೆ ವೋಲ್ಟೇಜ್ ಇರಬಹುದು, ತಂತಿಯನ್ನು ಒಂದು ನೋಡ್ ಎಂದು ಕರೆಯಲು ಬಾರದು. ಬದಲಾಗುತ್ತಿರುವ ಕಾಂತಕ್ಷೇತ್ರವು ಲೂಪಿನ ಮೂಲಕ ಹಾದುಹೋದಾಗಲೂ ವೋಲ್ಟೇಜುಗಳ ಮೊತ್ತ ಸೊನ್ನೆಯಾಗುವುದಿಲ್ಲ; ಆ ಪರಿಣಾಮವನ್ನು ಇಂಡಕ್ಟರ್ ಎಂಬ ಭಾಗದೊಳಗೆ ಸೇರಿಸಿಟ್ಟುಕೊಂಡೇ ನಾವು ನಿಯಮವನ್ನು ಬಳಸುತ್ತೇವೆ. ಮೊದಲ ವರ್ಷದಲ್ಲಿ ಇಷ್ಟು ಸಾಕು. ಪ್ರಸರಣ ತಂತಿಗಳ ಪಾಠದಲ್ಲಿ ಇದೇ ಪ್ರಶ್ನೆಯನ್ನು ಮತ್ತೆ ಎತ್ತಿಕೊಳ್ಳಬಹುದು.